ಹುಣಸೆ ತೋಪು ಮಾರಬೇಡಿ

ಡಾಕ್ಟರಮ್ಮನವರೇ,

ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ ಈಗ 54. ಹೋದ ವರ್ಷ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ಕಿದ್ವಾಯಿಯಲ್ಲಿ ಎರಡನೇ ಹಂತ ಅಂದರು. ಐದು ವಾರ ಕರೆಂಟು ಕೊಟ್ಟರು, ಜೊತೆಗೆ ವಾರಕ್ಕೊಂದು ಕೀಮೋ, ಆಮೇಲೆ ಒಳಗಿನಿಂದಲೂ ಕರೆಂಟು. ಎಲ್ಲ ಮುಗಿದು ನಾಲ್ಕು ತಿಂಗಳಾಗಿದೆ. ಈಗ ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ.

ಸಿರಾದಲ್ಲಿರುವ ಭಾವ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ರಷ್ಯಾದವರು ಕ್ಯಾನ್ಸರಿಗೆ ಲಸಿಕೆ ಕಂಡುಹಿಡಿದಿದ್ದಾರಂತೆ. ವಿಚಾರಿಸಿದಾಗ ಬೆಂಗಳೂರಿನಲ್ಲೇ ಒಂದು ಕಡೆ, ಅಮ್ಮನ ರಕ್ತ ತೆಗೆದು ಅದರಿಂದಲೇ ಲಸಿಕೆ ತಯಾರಿಸಿ ಕೊಡುತ್ತೇವೆ, ಟಿ-ಸೆಲ್ ಶಕ್ತಿ ಹೆಚ್ಚುತ್ತದೆ, ಕಾಯಿಲೆ ಮತ್ತೆ ಬರುವುದಿಲ್ಲ ಅಂದರು. ಖರ್ಚು 12 ಲಕ್ಷ. ನಮಗಿರುವುದು ಮಳೆ ನಂಬಿದ ಕಡಲೆಕಾಯಿ ಹೊಲ, ತಾತ ನೆಟ್ಟ ಹುಣಸೆ ತೋಪು. ಅಪ್ಪ ತೋಪು ಮಾರಿಬಿಡೋಣ ಅಂತಾರೆ. ನೋಡಿಕೊಂಡು ಹೋಗಲು ಜನವೂ ಬಂದಿದ್ದರು.

ಇನ್ನೊಂದು ಚಿಂತೆ. ನನ್ನ ಮಗಳಿಗೆ 12 ವರ್ಷ. ಈ ಕಾಯಿಲೆ ಬರದಂತೆ ಹುಡುಗಿಯರಿಗೆ ಇಂಜೆಕ್ಷನ್ ಇದೆ ಅಂತ ಕಿದ್ವಾಯಿಯಲ್ಲೇ ಒಬ್ಬರು ನರ್ಸಮ್ಮ ಹೇಳಿದರು. ಆದರೆ ನನ್ನ ಹೆಂಡತಿಯ ತವರು ಪಾವಗಡದ ಕಡೆ. ಅಲ್ಲಿ ನಮ್ಮತ್ತೆ, ಆಂಧ್ರದಲ್ಲಿ ಆ ಇಂಜೆಕ್ಷನ್ ಹಾಕಿಸಿಕೊಂಡ ಹುಡುಗಿಯರು ಸತ್ತಿದ್ದರು, ಬೇಡವೇ ಬೇಡ ಅಂತ ಅಳುತ್ತಾರೆ. ಅಪ್ಪನೂ ಅವರ ಕಡೆಯೇ. ಅಪ್ಪನ ತೋಳಿನ ಮೇಲೆ ಬಿಸಿಜಿ ಗುರುತಿದೆ, ಆದರೂ ಹತ್ತು ವರ್ಷದ ಹಿಂದೆ ಅವರಿಗೆ ಟಿಬಿ ಬಂದಿತ್ತು. ಚುಚ್ಚಿಸಿಕೊಂಡು ಏನು ಬಂತು ಅಂತ ಕೇಳುತ್ತಾರೆ.

ಕೊನೆಯ ಮಾತು, ಯಾರಿಗೂ ಹೇಳಿಲ್ಲ. ಅಮ್ಮ ಕಾಯಿಲೆ ಗೊತ್ತಾಗುವ ಮೊದಲು ಮೂರು ಸಲ ಡಾಕ್ಟರ ಹತ್ತಿರ ಹೋಗಿದ್ದಳು. ಮೂರು ಸಲವೂ ಬಿಳಿಸೆರಗು ಅಂತ ಮಾತ್ರೆ ಕೊಟ್ಟು ಕಳಿಸಿದರು. ನಾನು ಜೊತೆಗೆ ಹೋಗಿರಲಿಲ್ಲ. ಹೋಗಿದ್ದರೆ, ಗಟ್ಟಿಯಾಗಿ ಕೇಳಿದ್ದರೆ, ಬೇಗ ಸಿಗುತ್ತಿತ್ತೇನೋ. ಈಗ 12 ಲಕ್ಷ ಕೊಡದಿದ್ದರೆ ಎರಡನೇ ಸಲ ಅಮ್ಮನನ್ನು ಕೈಬಿಟ್ಟಂತೆ ಆಗುತ್ತದೆ ಅನಿಸುತ್ತದೆ.

ಹೆಸರು ಹಾಕಬೇಡಿ.

*

ಮೊದಲು ತೋಪಿನ ಮಾತು ಮುಗಿಸಿಬಿಡೋಣ. ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ನನ್ನ ಉತ್ತರ ನಿಮ್ಮ ಕೈ ಸೇರಿ ಪ್ರಯೋಜನವಿಲ್ಲ. ಮಾರಬೇಡಿ. ಮುಂಗಡ ಇಸಿದುಕೊಂಡಿದ್ದರೆ ಹಿಂದಿರುಗಿಸಿ.

ನಿಮ್ಮ ಅಮ್ಮನಿಗೆ ಸಿಕ್ಕಿರುವುದು ಅರೆಬರೆ ಚಿಕಿತ್ಸೆಯಲ್ಲ. ಹೊರಗಿನಿಂದ ಕರೆಂಟು (ವಿಕಿರಣ), ಜೊತೆಗೆ ವಾರದ ಕೀಮೋ, ಕೊನೆಗೆ ಒಳಗಿನಿಂದ ಕರೆಂಟು: ಈ ಹಂತದ ಗರ್ಭಕಂಠದ ಕ್ಯಾನ್ಸರಿಗೆ ಜಗತ್ತಿನ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಚಿಕಿತ್ಸೆಯ ಬುಡ ಇದೇ. ಎರಡನೇ ಹಂತದಲ್ಲಿ ಸಿಕ್ಕಿ ಈ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಅಮ್ಮ ಪೂರ್ತಿ ಮುಗಿಸಿದ್ದಾರೆ. ಐದು ವಾರ ಅವರನ್ನು ಬೆಂಗಳೂರಿಗೆ ಕರೆದೊಯ್ದು ಪಕ್ಕದಲ್ಲಿ ಕೂತವರು ಯಾರು? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಇನ್ನು ಟಿ-ಸೆಲ್. ಹೆದರಿದವರ ಮುಂದೆ ಈ ಪದ ಆಡಿ ಲಕ್ಷಗಟ್ಟಲೆ ಕೇಳುವವರು ಹೆಚ್ಚಾಗಿದ್ದಾರೆ. ಪದ ಸುಳ್ಳಲ್ಲ, ಅದರ ಹಿಂದಿನ ವಿಜ್ಞಾನವೂ ಸುಳ್ಳಲ್ಲ. ಅದಕ್ಕೇ ನೀವು ಅದನ್ನು ಸರಿಯಾಗಿ ತಿಳಿದಿರಬೇಕು.

ಕಡಲೆಕಾಯಿ ಬಲಿಯುವ ಹೊತ್ತಿಗೆ ನಿಮ್ಮ ಹೊಲಕ್ಕೆ ಕಾಡುಹಂದಿ ಬೀಳುತ್ತವಲ್ಲ, ಆಗ ಎರಡು ಕೆಲಸ ಮಾಡುತ್ತೀರಿ. ಸುತ್ತ ಮುಳ್ಳುಬೇಲಿ ಹಾಕುತ್ತೀರಿ. ಅಟ್ಟಣೆ ಕಟ್ಟಿ ರಾತ್ರಿ ಕಾಯುತ್ತೀರಿ. ಮೈಯಲ್ಲೂ ಹೀಗೆಯೇ. ರಕ್ತದಲ್ಲಿ ಹರಿದಾಡುವ ಪ್ರತಿಕಾಯಗಳು ಬೇಲಿ ಇದ್ದಂತೆ, ವೈರಸ್ ಜೀವಕೋಶದ ಒಳಗೆ ಕಾಲಿಡುವ ಮೊದಲೇ ತಡೆಯುತ್ತವೆ. ಬೇಲಿ ನುಸುಳಿ ಒಳಗೆ ಬಂದದ್ದನ್ನು ಬೇಲಿ ಏನೂ ಮಾಡಲಾರದು. ಆಗ ಬೇಕಾದವರು ಅಟ್ಟಣೆಯ ಮೇಲಿನ ಕಾವಲುಗಾರರು. ಅವರೇ ಟಿ-ಸೆಲ್, ಎಂದರೆ ಟಿ-ಕೋಶಗಳು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ, ಈ ಕೋಶಗಳು ಪಳಗುವುದು ಅಲ್ಲಿ. 1961ರವರೆಗೆ ಅದನ್ನು ಕೆಲಸಕ್ಕೆ ಬಾರದ ಗಂಟು ಎಂದೇ ವೈದ್ಯರು ಎಣಿಸಿದ್ದರು. ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಎಳೆ ಇಲಿಮರಿಗಳಿಂದ ಅದನ್ನು ತೆಗೆದು ನೋಡಿದ ಮೇಲೆ, ಅದಿಲ್ಲದೆ ಮೈಗೆ ಸೋಂಕು ಎದುರಿಸುವ ತ್ರಾಣವೇ ಇರುವುದಿಲ್ಲ ಎಂದು ತಿಳಿಯಿತು.

ನಮ್ಮ ಮೈಯ ಬಹುತೇಕ ಪ್ರತಿ ಜೀವಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೊಟೀನುಗಳ ಚೂರುಗಳನ್ನು ಹೊರಮೈ ಮೇಲೆ ಇಟ್ಟು ತೋರಿಸುತ್ತಿರುತ್ತದೆ. ಟಿ-ಕೋಶ ಬಂದು ಆ ಚೂರನ್ನು ತಡವಿ ನೋಡುತ್ತದೆ. ಮನೆಯದಾದರೆ ಮುಂದೆ ಹೋಗುತ್ತದೆ. ವೈರಸ್ಸಿನದೋ ಕ್ಯಾನ್ಸರಿನದೋ ಆದರೆ ಆ ಕೋಶವನ್ನೇ ಕೊಲ್ಲುತ್ತದೆ. ವೈರಸ್ ಹೊಕ್ಕ ಕೋಶವನ್ನು ಟಿ-ಕೋಶ ಗುರುತು ಹಿಡಿಯುವ ಬಗೆಯನ್ನು ಕಂಡುಹಿಡಿದ ಡೊಹರ್ಟಿ ಮತ್ತು ಜಿಂಕರ್ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಹಾಗಾದರೆ ಕಾವಲಿದ್ದೂ ಅಮ್ಮನಿಗೆ ಕ್ಯಾನ್ಸರ್ ಯಾಕೆ ಬಂತು? ನಿಮ್ಮ ಪತ್ರದ ನಡುವೆ ಇರುವ ಪ್ರಶ್ನೆ ಇದೇ.

ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಗಂಡ ಹೆಂಡತಿಯ ಕೂಡುವಿಕೆಯಲ್ಲಿ ಹರಡುವಂಥದು, ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗುಲುವಂಥದು. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಟಿ-ಕೋಶಗಳೇ ಅದನ್ನು ಒಂದೆರಡು ವರ್ಷದಲ್ಲಿ ತೊಳೆದುಬಿಡುತ್ತವೆ, ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಉಳಿದ ಕೆಲವರಲ್ಲಿ ಅದು ಹತ್ತು ಹದಿನೈದು ವರ್ಷ ಕೂತೇ ಇರುತ್ತದೆ. ಯಾರಲ್ಲಿ ಕೂರುತ್ತದೆ ಎಂಬುದಕ್ಕೂ ನಡತೆಗೂ ಗಂಟು ಹಾಕಬೇಡಿ. ಒಬ್ಬನನ್ನೇ ಕಟ್ಟಿಕೊಂಡು ಬಾಳಿದ ಎಷ್ಟೋ ತಾಯಂದಿರಿಗೆ ಇದು ಬಂದಿದೆ. ಮನೆಯಲ್ಲಿ ಯಾರಾದರೂ ಅಮ್ಮನ ಬಗ್ಗೆಯಾಗಲಿ ಅಪ್ಪನ ಬಗ್ಗೆಯಾಗಲಿ ಪಿಸುಗುಟ್ಟಿದರೆ, ಆ ಮಾತನ್ನು ಅಲ್ಲೇ ನಿಲ್ಲಿಸುವ ಕೆಲಸ ನಿಮ್ಮದು.

ಕೂತೇ ಇರುವ ಸೋಂಕಿನ ಎದುರು ಕಾವಲುಗಾರ ಏನಾಗುತ್ತಾನೆ? ಒಂದು ವಾರ ನಿದ್ದೆಗೆಟ್ಟು ಹೊಲ ಕಾಯಬಹುದು. ವರ್ಷಗಟ್ಟಲೆ ಪ್ರತಿ ರಾತ್ರಿ ಡಬ್ಬ ಬಡಿದರೆ ಕೈ ಸೋಲುತ್ತದೆ, ಹಂದಿ ಕಣ್ಣೆದುರೇ ಬಂದರೂ ಏಳಲಾಗುವುದಿಲ್ಲ. ಟಿ-ಕೋಶಗಳಿಗೂ ಹೀಗೇ ಆಗುತ್ತದೆ. ವಿಜ್ಞಾನಿಗಳು ಇದನ್ನು ಕರೆಯುವುದೂ ದಣಿವು ಎಂದೇ. ದಣಿದ ಟಿ-ಕೋಶದ ಮೈಮೇಲೆ ಪಿಡಿ-1 ಎಂಬ ಒಂದು ಬ್ರೇಕು ಬಿಗಿದಿರುತ್ತದೆ. ಅದು ಕೆಟ್ಟದ್ದಲ್ಲ, ಕಾವಲುಗಾರ ಕತ್ತಲಲ್ಲಿ ಮನೆಯ ದನಕ್ಕೇ ಹೊಡೆಯದಿರಲಿ ಎಂದು ಮೈ ಇಟ್ಟುಕೊಂಡಿರುವ ಹಿಡಿತ. ದೀರ್ಘ ಸೋಂಕಿನಲ್ಲಿ ಆ ಬ್ರೇಕು ತೆಗೆದರೆ ದಣಿದ ಕೋಶಗಳು ಮತ್ತೆ ಏಳುತ್ತವೆ ಎಂದು 2006ರಲ್ಲಿ ಇಲಿಗಳಲ್ಲಿ ತೋರಿಸಿದವರು ಹೈದರಾಬಾದಿನಲ್ಲಿ ಹುಟ್ಟಿದ, ಅಮೆರಿಕದ ಎಮರಿ ವಿಶ್ವವಿದ್ಯಾಲಯದ ರಫಿ ಅಹಮದ್ ಮತ್ತು ಅವರ ಸಂಗಡಿಗರು. ಬ್ರೇಕು ತೆಗೆಯುವ ಔಷಧಿಗಳಿಗೆ ದಾರಿ ಮಾಡಿದ ಹೊಂಜೊ, ಆಲಿಸನ್ ಅವರಿಗೆ 2018ರ ನೊಬೆಲ್ ಸಂದಿತು. ಆ ಔಷಧಿಗಳು ಇಂದು ಕೆಲವು ಗರ್ಭಕಂಠದ ಕ್ಯಾನ್ಸರುಗಳಲ್ಲೂ ಬಳಕೆಯಲ್ಲಿವೆ. ಅಮ್ಮನಿಗೆ ಅದು ಬೇಕೋ ಬೇಡವೋ ಎಂಬ ಮಾತು ಅವರ ಕಡತ ನೋಡಿದ ಕಿದ್ವಾಯಿ ವೈದ್ಯರ ಬಾಯಿಂದ ಬರಬೇಕು.

ಈಗ ಲಸಿಕೆ. ಕಾಯಿಲೆ ಬಂದ ಮೇಲೆ ಕೊಟ್ಟು ಟಿ-ಕೋಶಗಳನ್ನು ಎಬ್ಬಿಸುವ ಲಸಿಕೆ ಸಾಧ್ಯವೇ? ಸಾಧ್ಯ ಎಂಬುದಕ್ಕೆ ನಿಮ್ಮ ಅಮ್ಮನ ಕಾಯಿಲೆಗೆ ಹತ್ತಿರದ ಒಂದು ನಿಜವಾದ ಉದಾಹರಣೆ ಇದೆ. ನೆದರ್ಲೆಂಡಿನ ಲೈಡನ್ ನಗರದ ವೈದ್ಯರು ಇದೇ ಎಚ್‌ಪಿವಿಯ ಎರಡು ಪ್ರೊಟೀನುಗಳ ಉದ್ದನೆಯ ತುಂಡುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಹೆರಿಗೆದಾರಿಯ ಹೊರಭಾಗದಲ್ಲಿ ಕ್ಯಾನ್ಸರಿಗೆ ಮುಂಚಿನ ಹುಣ್ಣು ಎದ್ದಿದ್ದ 20 ಹೆಂಗಸರಿಗೆ ಚುಚ್ಚಿದರು. ಒಂದು ವರ್ಷದ ನಂತರ ನೋಡಿದ 19 ಮಂದಿಯಲ್ಲಿ 9 ಜನರ ಹುಣ್ಣು ಪೂರ್ತಿ ಮಾಯವಾಗಿತ್ತು. ಅವರ ಟಿ-ಕೋಶಗಳು ಬಲವಾಗಿ ಎದ್ದಿದ್ದವು. 2009ರಲ್ಲಿ ಈ ವರದಿ ಬಂದಾಗ ನಾನು ಅದನ್ನು ಎರಡು ಸಲ ಓದಿದೆ, ಅಷ್ಟು ಸಂತೋಷವಾಗಿತ್ತು. ಆದರೆ ಅದೇ ಲಸಿಕೆಯನ್ನು ಪೂರ್ತಿ ಬೆಳೆದ, ಮರುಕಳಿಸಿದ ಕ್ಯಾನ್ಸರ್ ಇದ್ದವರಿಗೆ ಕೊಟ್ಟಾಗ ಗೆಡ್ಡೆ ಕರಗಲಿಲ್ಲ. ಹೊಲಕ್ಕೆ ಒಂದು ಹಂದಿ ನುಗ್ಗಿದಾಗ ಕಾವಲುಗಾರನನ್ನು ಕೂಗಿ ಎಬ್ಬಿಸುವುದೇ ಬೇರೆ, ಹೊಲವೆಲ್ಲ ಹಂದಿಯದೇ ಆದಮೇಲೆ ಕೂಗುವುದೇ ಬೇರೆ.

ರಕ್ತ ತೆಗೆದು ಲಸಿಕೆ ಮಾಡುತ್ತೇವೆ ಎಂದರಲ್ಲ, ಅದೂ ಒಂದು ಶಾಸ್ತ್ರೀಯ ದಾರಿಯೇ. ಟಿ-ಕೋಶಕ್ಕೆ ಶತ್ರುವಿನ ಗುರುತು ತೋರಿಸಿ ಹೊರಡಿಸುವ ಡೆಂಡ್ರಿಟಿಕ್ ಕೋಶಗಳೆಂಬುವು ನಮ್ಮ ಮೈಯಲ್ಲಿವೆ. ರಕ್ತದಿಂದ ಅವನ್ನೋ ಅವಾಗಬಲ್ಲ ಕೋಶಗಳನ್ನೋ ಬೇರ್ಪಡಿಸಿ, ಗುರುತು ಕಲಿಸಿ, ಮತ್ತೆ ಮೈಗೆ ಬಿಡುವುದು ಆ ದಾರಿ. ಹೀಗೆ ಮಾಡಿದ ಒಂದು ಲಸಿಕೆಗೆ ಅಮೆರಿಕ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ. ಅದರಿಂದ ಆಯಸ್ಸು ಹೆಚ್ಚಿದ್ದು ಸರಾಸರಿ ನಾಲ್ಕು ತಿಂಗಳು. ದೊಡ್ಡ ಪರೀಕ್ಷೆ ಗೆದ್ದು ಬಂದ ಲಸಿಕೆಯ ಫಲವೇ ಅಷ್ಟು. ಅದೂ ಬೇರೆ ಕ್ಯಾನ್ಸರಿಗೆ. ಚಿಕಿತ್ಸೆ ಮುಗಿದು ಸ್ಕ್ಯಾನು ಶುಭ್ರವಾಗಿರುವ ಗರ್ಭಕಂಠದ ರೋಗಿಗೆ ಇಂಥ ಲಸಿಕೆ ಕೊಟ್ಟರೆ ಕಾಯಿಲೆ ಮರಳುವುದಿಲ್ಲ ಎಂದು ಯಾರೂ ಸಾಬೀತು ಮಾಡಿಲ್ಲ. "ಮತ್ತೆ ಬರುವುದಿಲ್ಲ" ಎಂದು ಮಾತು ಕೊಟ್ಟವರನ್ನು ನಾನು ನಂಬುವುದಿಲ್ಲ. ಪ್ರಾಮಾಣಿಕ ಕ್ಯಾನ್ಸರ್ ವೈದ್ಯರ ಬಾಯಲ್ಲಿ ಆ ಮಾತು ಬರುವುದಿಲ್ಲ.

ರಷ್ಯಾದ ಸುದ್ದಿಗೂ ಬುಡವಿಲ್ಲದಿಲ್ಲ. 2024ರ ಡಿಸೆಂಬರಿನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯವರು ಎಂಆರ್‌ಎನ್‌ಎ ಲಸಿಕೆ ತಯಾರಿಸುತ್ತಿದ್ದೇವೆ ಎಂದು ಪ್ರಕಟಿಸಿದರು. ಪ್ರಕಟಣೆಗೂ ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಯಾಗಿ ಕೈಗೆ ಬಂದ ಮದ್ದಿಗೂ ಬಹಳ ದೂರ. ಈ ದಾರಿಯಲ್ಲಿ ನಿಜಕ್ಕೂ ಮುಂದೆ ಹೋಗಿರುವುದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಲಸಿಕೆ. ಶಸ್ತ್ರಚಿಕಿತ್ಸೆಯಾದ 157 ರೋಗಿಗಳ ಪರೀಕ್ಷೆಯಲ್ಲಿ, ಬ್ರೇಕು ತೆಗೆಯುವ ಔಷಧಿಯೊಂದಿಗೆ ಪ್ರತಿಯೊಬ್ಬರ ಗೆಡ್ಡೆಗೆ ತಕ್ಕಂತೆ ತಯಾರಿಸಿದ ಲಸಿಕೆಯನ್ನೂ ಕೊಟ್ಟಾಗ, ಕಾಯಿಲೆ ಮರಳುವ ಅಥವಾ ಸಾಯುವ ಅಪಾಯ ಬರೀ ಔಷಧಿ ಪಡೆದವರಿಗಿಂತ ಶೇ. 44ರಷ್ಟು ಇಳಿಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 16 ರೋಗಿಗಳಿಗೆ ಇಂಥದೇ ಲಸಿಕೆ ಕೊಟ್ಟಾಗ 8 ಮಂದಿಯಲ್ಲಿ ಟಿ-ಕೋಶಗಳು ಎದ್ದವು, 8 ಮಂದಿಯಲ್ಲಿ ಏಳಲಿಲ್ಲ. ನನ್ನ ಕಾಲದಲ್ಲೇ ಇದನ್ನು ನೋಡುತ್ತಿದ್ದೇನಲ್ಲ ಎಂದು ನನಗೆ ಹೆಮ್ಮೆ. ಆದರೆ 16, 157 ಎಂಬ ಸಂಖ್ಯೆಗಳನ್ನು ನೋಡಿ. ಒಂದು ಕುಟುಂಬ ತೋಪು ಮಾರಿ ಕೊಳ್ಳುವ ಹಂತಕ್ಕೆ ಈ ವಿದ್ಯೆ ಇನ್ನೂ ಬಂದಿಲ್ಲ.

ಭಾವನವರಿಗೆ ಸಮಾಧಾನವಾಗದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಆ ಜಾಗದವರನ್ನು ಹೀಗೆ ಕೇಳಿ. ಇದು ಒಪ್ಪಿಗೆ ಸಿಕ್ಕಿದ ಮದ್ದೋ, ಪ್ರಯೋಗವೋ? ಒಪ್ಪಿಗೆ ಸಿಕ್ಕಿದ್ದರೆ ಗರ್ಭಕಂಠದ ಕ್ಯಾನ್ಸರಿಗೆ ಎಂದು ಬರೆದಿರುವ ಆದೇಶದ ಪ್ರತಿ ಕೊಡಿ. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೊಡಿ. 2009ರಿಂದ ಈಚೆಗೆ ಆ ನೋಂದಣಿ ಕಡ್ಡಾಯ. ಪ್ರಯೋಗದಲ್ಲಿ ಕೊಡುವ ಹೊಸ ಮದ್ದಿಗೆ ರೋಗಿಯಿಂದ ಲಕ್ಷಗಟ್ಟಲೆ ಕೀಳುವಂತಿಲ್ಲ. ಅವರು ಕೊಟ್ಟ ಕಾಗದವನ್ನು ಕಿದ್ವಾಯಿಯಲ್ಲಿ ಅಮ್ಮನನ್ನು ನೋಡುವ ವೈದ್ಯರ ಮುಂದಿಡಿ. ಕಾಗದ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಮಧುಗಿರಿ ಬಸ್ಸು ಹತ್ತಿ.

ಅಪ್ಪನ ಬಿಸಿಜಿ ಪ್ರಶ್ನೆ ಬಹಳ ಒಳ್ಳೆಯದು. ಬಿಸಿಜಿ ಕೆಲಸ ಮಾಡುವುದು ಮುಖ್ಯವಾಗಿ ಟಿ-ಕೋಶಗಳ ಮೂಲಕವೇ. ಕ್ಷಯದ ಬ್ಯಾಕ್ಟೀರಿಯಾ ನಮ್ಮ ಕೋಶಗಳ ಒಳಗೇ ಮನೆ ಮಾಡುವುದರಿಂದ ಬೇಲಿಯೊಂದೇ ಸಾಲದು. ಎಳೆಮಕ್ಕಳಲ್ಲಿ ಮಿದುಳಿನ ಪೊರೆಗೆ ಹತ್ತುವ, ಮೈಯೆಲ್ಲ ಹರಡುವ ಘೋರ ಟಿಬಿಯನ್ನು ಅದು ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಯನ್ನೂ ತಡೆಯುತ್ತದೆಯೇ ಎಂದು ನೋಡಲು 1968ರಲ್ಲಿ ತಮಿಳುನಾಡಿನ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಬಿಸಿಜಿ ಪರೀಕ್ಷೆ ಶುರುವಾಯಿತು. ಹದಿನೈದು ವರ್ಷ ಕಾದು ನೋಡಿದರೂ ದೊಡ್ಡವರಿಗೆ ರಕ್ಷಣೆ ಕಾಣಲಿಲ್ಲ. ಅಪ್ಪನ ಅನುಭವ ಸುಳ್ಳಲ್ಲ. ಆದರೆ ಕೂಸಾಗಿದ್ದಾಗ ಆ ಸೂಜಿ ಅವರನ್ನು ಯಾವುದರಿಂದ ಉಳಿಸಿತೋ ಅದು ಅವರಿಗೆ ಕಾಣುವಂತಿಲ್ಲ. ದೊಡ್ಡವರಿಗೂ ಒಗ್ಗುವ ಎಂ72 ಎಂಬ ಹೊಸ ಟಿಬಿ ಲಸಿಕೆಯ ಕೊನೆಯ ಹಂತದ ಪರೀಕ್ಷೆ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದೆ. ಅದರ ಹಿಂದಿನ ಹಂತದಲ್ಲಿ ಲಸಿಕೆ ಪಡೆದವರಲ್ಲಿ ಕಾಯಿಲೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಈ ಕಾವಲು ಎದ್ದರೆ ಏನು, ಮಲಗಿದರೆ ಏನು ಎಂಬುದಕ್ಕೆ ಪಾವಗಡದವರೇ ಕಂಡಿರುವ ಇನ್ನೊಂದು ಉದಾಹರಣೆಯಿದೆ, ಅತ್ತೆಯವರಿಗೆ ಹೇಳಿ. ಸ್ವಾಮಿ ಜಪಾನಂದರ ಆಶ್ರಮದವರು ಅಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ್ದನ್ನು ಅವರು ನೋಡಿರುತ್ತಾರೆ. ಕುಷ್ಠದ ಒಂದೇ ರೋಗಾಣು ಒಬ್ಬರಿಗೆ ಎರಡು ಮೂರು ಮಚ್ಚೆ ತಂದು ನಿಲ್ಲುತ್ತದೆ, ಇನ್ನೊಬ್ಬರ ಮೈಯೆಲ್ಲ ಹಬ್ಬುತ್ತದೆ. ಮೊದಲನೆಯವರಲ್ಲಿ ಟಿ-ಕೋಶಗಳು ಎದ್ದಿವೆ, ಎರಡನೆಯವರಲ್ಲಿ ಮಲಗಿವೆ. ಆ ಮಲಗಿದವನ್ನು ಎಬ್ಬಿಸಲೆಂದೇ ನಮ್ಮ ದೇಶದ ಜಿ.ಪಿ. ತಲ್ವಾರ್ ಒಂದು ಲಸಿಕೆ ತಯಾರಿಸಿದರು. ಅದನ್ನು ಕೊಟ್ಟದ್ದು ಮಾತ್ರೆಗಳ ಜೊತೆಗೆ, ಮಾತ್ರೆಗಳನ್ನು ಬಿಡಿಸಿ ಅಲ್ಲ.

ಇನ್ನು ಮಗಳ ಇಂಜೆಕ್ಷನ್. ಇದಕ್ಕೆ ನನ್ನ ಉತ್ತರ: ಹಾಕಿಸಿ, ಈ ವರ್ಷವೇ ಹಾಕಿಸಿ.

ಅತ್ತೆಯ ಭಯವನ್ನು ತಳ್ಳಿಹಾಕಬೇಡಿ, ಅವರು ಕೇಳಿದ್ದು ಕಟ್ಟುಕತೆಯಲ್ಲ. 2009ರಲ್ಲಿ ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಆಮೇಲೆ ಏಳು ಹುಡುಗಿಯರು ತೀರಿಕೊಂಡರು, 2010ರ ಏಪ್ರಿಲಿನಲ್ಲಿ ಸರ್ಕಾರ ಎಲ್ಲ ನಿಲ್ಲಿಸಿತು. ತನಿಖೆಯಲ್ಲಿ ತಿಳಿದದ್ದು ಎರಡು ವಿಷಯ. ಸಾವುಗಳಿಗೆ ಲಸಿಕೆ ಕಾರಣವೆಂದು ಕಾಣಲಿಲ್ಲ. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ಕೀಟನಾಶಕ ಕುಡಿದದ್ದು ಅವುಗಳಲ್ಲಿದ್ದವು. ಆದರೆ ಒಪ್ಪಿಗೆ ಪಡೆದ ರೀತಿ ಮಾತ್ರ ನಾಚಿಕೆಗೇಡಿನದು. ಸಾವಿರಾರು ಅರ್ಜಿಗಳಿಗೆ ತಾಯಿತಂದೆಯರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಬಡವರ, ಗಿರಿಜನರ ಮಕ್ಕಳೆಂದು ಯಾರೂ ಕೂತು ಹೇಳಲಿಲ್ಲ, ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಹಾಗಾಗಿ ಅತ್ತೆಗೆ ಗದರಬೇಡಿ. ಮಗಳನ್ನು ಕರೆದೊಯ್ಯುವ ದಿನ ಅವರನ್ನೂ ಕರೆದೊಯ್ಯಿರಿ. ಅವರ ಎಲ್ಲ ಪ್ರಶ್ನೆಗಳಿಗೂ, ಬೇಕಾದರೆ ತೆಲುಗಿನಲ್ಲೇ, ಅಲ್ಲಿನ ವೈದ್ಯರು ಉತ್ತರಿಸಲಿ.

ಆ ನಿಂತುಹೋದ ದಿನಗಳಿಂದ ಒಂದು ಬೆಳಕೂ ಬಂತು. ಅದೇ ಹೊತ್ತಿಗೆ ದೇಶದ ಬೇರೆ ಊರುಗಳಲ್ಲಿ ನಡೆಯುತ್ತಿದ್ದ ಮತ್ತೊಂದು ಅಧ್ಯಯನವೂ ನಿಂತು, ಎಷ್ಟೋ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರೆ ಆ ಒಂದು ಡೋಸೇ ಗಟ್ಟಿಯಾಗಿ ಕಾದಿತ್ತು. 9ರಿಂದ 14 ವರ್ಷದವರಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಲು ಈ ನಮ್ಮ ಹುಡುಗಿಯರೂ ಕಾರಣ.

ಇದು ಬೇಲಿ ಲಸಿಕೆ. ಇದರಲ್ಲಿ ವೈರಸ್ ಇಲ್ಲ, ಅದರ ಖಾಲಿ ಹೊರಕವಚ ಮಾತ್ರ. ವೈರಸ್ ಮೈಗೆ ಹೊಕ್ಕ ಮೇಲೆ ಇದು ಅದನ್ನು ಓಡಿಸುವುದಿಲ್ಲ ಎಂಬುದನ್ನು ಕೋಸ್ಟರಿಕ ದೇಶದ ಹೆಂಗಸರ ಮೇಲೆ ನಡೆದ ಅಧ್ಯಯನ 2007ರಲ್ಲೇ ತೋರಿಸಿದೆ. "ಮದುವೆಯಾದ ಮೇಲೆ ನೋಡೋಣ" ಅನ್ನುವುದು ಅದಕ್ಕೇ ಸರಿಯಲ್ಲ. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಸರ್ವಾವ್ಯಾಕ್ ಎಂಬ ಇಂಥ ಲಸಿಕೆ 2023ರಿಂದ ಸಿಗುತ್ತಿದೆ. ಸರ್ಕಾರದಿಂದ ಉಚಿತವಾಗಿ ಹಾಕುವ ದಿನ ನಿಮ್ಮಲ್ಲಿ ಯಾವಾಗ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ತಡವಾಗುವುದಾದರೆ ಹುಣಸೆಹಣ್ಣು ಮಾರಿದ ದುಡ್ಡಿನಲ್ಲೇ ಹೊರಗೆ ಹಾಕಿಸಿ. ತೋಳು ಒಂದೆರಡು ದಿನ ನೋಯುತ್ತದೆ. ಈ ವಯಸ್ಸಿನ ಕೆಲವು ಹುಡುಗಿಯರಿಗೆ ಸೂಜಿ ಕಂಡರೇ ತಲೆ ಸುತ್ತುತ್ತದೆ, ಕಾಲು ಗಂಟೆ ಅಲ್ಲೇ ಕೂರಿಸಿ.

ಪತ್ರದಲ್ಲಿ ನಿಮ್ಮ ಹೆಂಡತಿಯ ತವರಿನ ಮಾತಿದೆ, ಅವರ ಮಾತೇ ಇಲ್ಲ. ಅವರಿಗೆ 30 ದಾಟಿದ್ದರೆ ಗರ್ಭಕಂಠದ ತಪಾಸಣೆ ಮಾಡಿಸಿ. ಮಹಾರಾಷ್ಟ್ರದ ಅಂದಿನ ಒಸ್ಮಾನಾಬಾದ್ ಜಿಲ್ಲೆ ಸಿರಾ, ಪಾವಗಡಗಳಂಥದೇ ಬರದ ನಾಡು. ಅಲ್ಲಿ 497 ಹಳ್ಳಿಗಳ ಒಂದು ಲಕ್ಷದ ಮೂವತ್ತು ಸಾವಿರ ಹೆಂಗಸರ ನಡುವೆ ಒಂದು ಅಧ್ಯಯನ ನಡೆಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಹನ್ನೆರಡು ಲಕ್ಷದ ಯಾವ ಲಸಿಕೆಯೂ ಇಷ್ಟನ್ನು ಸಾಧಿಸಿದ್ದು ನಾನು ಕಾಣೆ.

ಈಗ ನೀವು ಯಾರಿಗೂ ಹೇಳದ ಮಾತಿಗೆ ಬರುತ್ತೇನೆ.

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದಾಗ, ಅಲ್ಲಿನವರು ಮೊದಲು ಸಮೀಕ್ಷೆಗೆ ಆರಿಸಿಕೊಂಡದ್ದು ನಮ್ಮ ತುಮಕೂರು ಜಿಲ್ಲೆಯನ್ನೇ. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇರುವುದಿಲ್ಲ, ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಜಿಲ್ಲೆಯ ಟಿಬಿ ರೋಗಿಗಳನ್ನು ಮನೆಮನೆಗೆ ಹೋಗಿ ಕೇಳಿದರು. ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆಗೆ ಹೋಗಿದ್ದರು. ಅವರಲ್ಲಿ ಬಹುಪಾಲಿನವರು ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಮನೆಗೆ ಮರಳಿದ್ದರು. 1963ರಲ್ಲಿ ಅವರು ಬರೆದ ಈ ಮಾತು ದೇಶದ ಟಿಬಿ ಕಾರ್ಯಕ್ರಮದ ದಿಕ್ಕನ್ನೇ ತಿದ್ದಿತು. ಜನರಿಗೆ ಬುದ್ಧಿ ಹೇಳುವುದಕ್ಕಿಂತ, ಬಂದವರ ಕಫ ಪರೀಕ್ಷಿಸುವ ಏರ್ಪಾಡು ಊರೂರಿನ ಆಸ್ಪತ್ರೆಯಲ್ಲಿ ಬೇಕು ಎಂದಾಯಿತು.

ನಿಮ್ಮ ಅಮ್ಮ ಮಾಡಿದ್ದೂ ಅದನ್ನೇ. ಅವರಿಗೆ ಗೊತ್ತಿತ್ತು. ಒಂದಲ್ಲ, ಮೂರು ಸಲ ಹೋದರು. ಅವರಿಗೆ ಬಾಟಲಿಯ ಬದಲು ಮಾತ್ರೆ ಕೊಟ್ಟು ಕಳಿಸಿದರು, ಅಷ್ಟೆ.

ನಾನೂ ಹಳ್ಳಿಗಾಡಿನ ಹೊರರೋಗಿ ವಿಭಾಗದಲ್ಲಿ ಕೂತವಳು. ಬಾಗಿಲಾಚೆ ನೂರು ಜನರ ಸಾಲು, ಒಳಪರೀಕ್ಷೆಗೆ ಪರದೆ ಹಾಕಿದ ಒಂದು ಮಂಚವೂ ಇರದ ಕೋಣೆ, ಮುಜುಗರದಿಂದ ತಲೆ ತಗ್ಗಿಸಿದ ಹೆಂಗಸು. ಒಳಪರೀಕ್ಷೆ ಮಾಡದೆ ಬಿಳಿಸೆರಗಿಗೆ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದ ದಿನಗಳು ನನ್ನವೂ ಇವೆ. ಅವರಲ್ಲಿ ಒಬ್ಬರು ಎರಡು ವರ್ಷದ ಮೇಲೆ ಮೂರನೇ ಹಂತದಲ್ಲಿ ನನ್ನೆದುರೇ ಬಂದು ನಿಂತರು. ಆ ದಿನದಿಂದ ನಾನು ಒಳಪರೀಕ್ಷೆ ಮಾಡದೆ ಯಾರನ್ನೂ ಕಳಿಸಲಿಲ್ಲ. ನೀವು ಹೊತ್ತಿರುವ ಭಾರ ನಿಮ್ಮದಲ್ಲ, ನಮ್ಮಂಥವರದು ಎಂದು ಹೇಳುವ ಹಕ್ಕು ನನಗಿದೆ. ಆ ಭಾರ ಇಳಿಸಲು 12 ಲಕ್ಷ ಕಟ್ಟಬೇಕಾಗಿಲ್ಲ. ಐದು ವಾರ ಅಮ್ಮನ ಪಕ್ಕದಲ್ಲಿ ಕೂತವರು ಯಾರು ಎಂದು ಕೇಳಿದ್ದೆನಲ್ಲ. ನೀವು ಅವರನ್ನು ಒಂದು ಸಲವೂ ಕೈಬಿಟ್ಟಿಲ್ಲ.

ಇನ್ನು ಮಾಡಬೇಕಾದದ್ದು. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆಯ ತಪಾಸಣೆ ಒಂದನ್ನೂ ತಪ್ಪಿಸಬೇಡಿ. ಕಾಯಿಲೆ ಮರಳುವುದಾದರೆ ಹೆಚ್ಚಾಗಿ ಈ ಅವಧಿಯಲ್ಲೇ. ರಕ್ತ ಕಂಡರೆ, ಒಂದೇ ಕಾಲು ಊದಿದರೆ, ಸೊಂಟದ ಒಂದು ಪಕ್ಕ ಬಿಡದೆ ನೋವಿದ್ದರೆ, ಮೂತ್ರ ಕಡಿಮೆಯಾದರೆ ಹೇಳಿದ ದಿನಕ್ಕೆ ಕಾಯದೆ ಹೊರಡಿ. ಮಲದಲ್ಲಿ ರಕ್ತ ಕಂಡರೆ ಅದು ಕರೆಂಟಿನಿಂದ ಕರುಳಿಗಾದ ಗಾಯವಿರಬಹುದು, ಮುಚ್ಚಿಡದೆ ಹೇಳಬೇಕೆಂದು ಅಮ್ಮನಿಗೆ ಈಗಲೇ ತಿಳಿಸಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆ ಕಾಗದಗಳನ್ನು ಒಂದೇ ಚೀಲದಲ್ಲಿ ಇಟ್ಟಿರಿ.

ಅಮ್ಮನನ್ನು ಒಂದು ಮಾತು ಕೇಳಿದ್ದೀರಾ? ಪತ್ರದಲ್ಲಿ ಅಪ್ಪ, ಭಾವ, ಅತ್ತೆ ಎಲ್ಲರ ಅಭಿಪ್ರಾಯವೂ ಇದೆ, ಅವರದಿಲ್ಲ. ತೋಪು ಮಾರುವ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಮಾರುವುದಿಲ್ಲ ಎಂಬುದನ್ನು ನೀವೇ ಹೋಗಿ ಹೇಳಿ. ಮುಂದಿನ ತಪಾಸಣೆ ಹುಣಸೆ ಬಡಿಯುವ ಕಾಲಕ್ಕೆ ಬಿದ್ದರೆ, ದಿನವನ್ನು ಒಂದು ವಾರ ಆಚೀಚೆ ಮಾಡಬಹುದೇ ಎಂದು ಆಸ್ಪತ್ರೆಯವರನ್ನು ಕೇಳಿ ನೋಡಿ. ಕೂತು ಹಣ್ಣು ಬಿಡಿಸುವಷ್ಟು ತ್ರಾಣ ಈಗ ಅವರಿಗಿದ್ದರೆ ಯಾರೂ ಬೇಡ ಅನ್ನಬೇಡಿ.